ಮಷೀನ್ ಹಾಕಿಲ್ಲ, ಮತ್ಯಾಕೆ ಐಸಿಯು?

ಬಾಯಿ ಕ್ಯಾನ್ಸರ್ ಆಪರೇಷನ್ ಆದ ಮಾರನೇ ದಿನ ಮನೆಯವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಬೆಂಗಳೂರಿನವರಾದರೆ "ಸಿಸ್ಟರ್, ವೆಂಟಿಲೇಟರ್ ತೆಗೆದಿದ್ದೀರಲ್ಲ, ವಾರ್ಡಿಗೆ ಯಾವಾಗ ಶಿಫ್ಟ್ ಮಾಡ್ತೀರಾ?" ಅಂತಾರೆ. ರಾಯಚೂರು, ಕಲಬುರಗಿ ಕಡೆಯವರು "ಮಷೀನ್ ಏನೂ ಹಚ್ಚಿಲ್ಲಲ್ರೀ, ಮತ್ಯಾಕ ಒಳಗ ಇಟ್ಟೀರಿ?" ಅಂತ ನೇರವಾಗಿ ಕೇಳಿಬಿಡುತ್ತಾರೆ. ನಾನು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಆಪರೇಷನ್ ಆದವರನ್ನು ನೋಡಿಕೊಳ್ಳುವ ಐಸಿಯುನಲ್ಲಿ ನರ್ಸ್. ಡ್ಯೂಟಿಯ ಗಡಿಬಿಡಿಯಲ್ಲಿ "ದೊಡ್ಡ ಆಪರೇಷನ್ ಅಲ್ವಾ, ನಿಗಾ ಇಡಬೇಕು" ಅಂತ ಒಂದು ಮಾತು ಹೇಳಿ ಮುಂದಿನ ಬೆಡ್ಡಿಗೆ ಹೋಗಬೇಕಾಗುತ್ತದೆ. ನಿಗಾ ಅಂದರೆ ಏನು, ಯಾವುದರ ಮೇಲೆ, ಯಾಕೆ ಅಂತ ಬಿಡಿಸಿ ಹೇಳುವಷ್ಟು ಪುರುಸೊತ್ತು ಅಲ್ಲಿ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಗಾಜಿನ ಆಚೆಯಿಂದ ನೋಡಿದರೆ ಹಾಗೇ ಅನ್ನಿಸುತ್ತದೆ. ಹಾಸಿಗೆಯ ತಲೆಭಾಗ ಎತ್ತರಿಸಿದ್ದೇವೆ, ರೋಗಿ ಕಣ್ಣು ಬಿಟ್ಟು ನೋಡುತ್ತಿದ್ದಾರೆ, ಮಗನನ್ನು ಕಂಡರೆ ಕೈ ಎತ್ತುತ್ತಾರೆ. ಎಷ್ಟೋ ಜನಕ್ಕೆ ಐಸಿಯು ಅಂದರೆ ವೆಂಟಿಲೇಟರ್. ಅದು ಇಲ್ಲ ಅಂದಮೇಲೆ ಇಲ್ಲೇನು ಕೆಲಸ? ಅದರ ಹಿಂದೆ ದುಡ್ಡಿನ ಲೆಕ್ಕವೂ ಇರುತ್ತದೆ. ಹೊಲ ಅಡವಿಟ್ಟು ಬಂದವರಿಗೆ ಐಸಿಯುನ ಒಂದೊಂದು ದಿನವೂ ಭಾರ. ಆಯುಷ್ಮಾನ್ ಕಾರ್ಡಿನಲ್ಲಿ ಬಂದವರಿಗೂ ಹೊರಗೆ ಕಾಯುವ ಖರ್ಚು, ತಪ್ಪಿದ ಕೂಲಿ ಇದ್ದೇ ಇರುತ್ತದೆ.

ನನ್ನನ್ನು ಕಾಡುವುದು ಮನೆಯವರ ಪ್ರಶ್ನೆಗಿಂತ ಇನ್ನೊಂದು ವಿಷಯ. ಡ್ಯೂಟಿ ಲಿಸ್ಟ್ ಹಾಕುವವರೂ ಇದೇ ಲೆಕ್ಕ ಹಾಕುತ್ತಾರೆ. ವೆಂಟಿಲೇಟರ್ ಮೇಲಿರುವ ರೋಗಿ "ಹೆವಿ ಕೇಸ್". ವೆಂಟಿಲೇಟರ್ ಇಲ್ಲದವರು "ಲೈಟ್ ಕೇಸ್". ಲೈಟ್ ಕೇಸ್ ಅಂದಮೇಲೆ ಒಬ್ಬ ನರ್ಸಿಗೆ ಎರಡು, ಕೆಲವು ರಾತ್ರಿ ಮೂರು ರೋಗಿಗಳು. ಬಾಯಿ ಆಪರೇಷನ್ ಆದವರು ಯಾವಾಗಲೂ ಈ ಲೈಟ್ ಪಟ್ಟಿಗೇ ಸೇರುತ್ತಾರೆ. ಇವರನ್ನು ಉಳಿಸುವುದು ಮಷೀನ್ ಅಲ್ಲ, ಪಕ್ಕದಲ್ಲಿ ನಿಂತು ನೋಡುವ ಮನುಷ್ಯರು. ಇದನ್ನು ನಾನು ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ.

ಕೈಯಿಂದ ಕೆನ್ನೆಗೆ ಬಂದ ಚರ್ಮ

ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು. ಕಾರಣ ಎಲ್ಲರಿಗೂ ಗೊತ್ತಿರುವುದೇ, ಅದನ್ನು ಇಲ್ಲಿ ಉದ್ದ ಮಾಡುವುದಿಲ್ಲ. ಆಪರೇಷನ್‌ನಲ್ಲಿ ಗಡ್ಡೆಯ ಜೊತೆ ಅದರ ಸುತ್ತಲಿನ ಚೆನ್ನಾಗಿರುವ ಜಾಗವನ್ನೂ ಸ್ವಲ್ಪ ತೆಗೆಯುತ್ತಾರೆ. ಸಾಮಾನ್ಯವಾಗಿ ಕುತ್ತಿಗೆಯ ಗಂಟುಗಳನ್ನೂ (ಲಿಂಫ್ ನೋಡ್, ಕ್ಯಾನ್ಸರ್ ಹರಡಬಹುದಾದ ಜಾಗ) ತೆಗೆಯುತ್ತಾರೆ. ಶುರುವಿನ ಹಂತದ ಬಾಯಿ ಕ್ಯಾನ್ಸರ್‌ನಲ್ಲೂ ಗಂಟುಗಳನ್ನು ಮೊದಲ ಆಪರೇಷನ್‌ನಲ್ಲೇ ತೆಗೆದರೆ ಹೆಚ್ಚು ಜನ ಬದುಕುತ್ತಾರೆ ಅಂತ ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು 2015ರಲ್ಲಿ ತೋರಿಸಿಕೊಟ್ಟರು. ಹಾಗಾಗಿ ನಮ್ಮಲ್ಲಿಗೆ ಬರುವ ಹೆಚ್ಚಿನವರಿಗೆ ಬಾಯಿಯ ಒಳಗೂ ಗಾಯ, ಕುತ್ತಿಗೆಯ ಉದ್ದಕ್ಕೂ ಗಾಯ.

ತೆಗೆದ ಜಾಗವನ್ನು ತುಂಬಬೇಕಲ್ಲ. ಮುಂಗೈ ಚರ್ಮ ತೆಗೆದು ಹಾಕುತ್ತಾರೆ, ಇಲ್ಲವೇ ತೊಡೆಯದು. ದವಡೆ ಮೂಳೆಯೇ ಹೋಗಿದ್ದರೆ ಕಾಲಿನ ಸಣ್ಣ ಮೂಳೆ, ಫಿಬುಲಾ. ಇದಕ್ಕೆ ನಾವು ಫ್ಲಾಪ್ ಅಂತೀವಿ. ಮುಂಗೈ ಫ್ಲಾಪನ್ನು ಚೀನಾದ ವೈದ್ಯರು 1981ರಲ್ಲಿ ಪ್ರಕಟಿಸಿದರು. ಕಾಲಿನ ಮೂಳೆಯಿಂದ ದವಡೆ ಕಟ್ಟುವುದು 1989ರಲ್ಲಿ ವರದಿಯಾಯಿತು. ಆ ತುಂಡನ್ನು ಸುಮ್ನೆ ಹೊಲಿದರೆ ಅದು ಬದುಕುವುದಿಲ್ಲ. ಅದರದೇ ಒಂದು ಆರ್ಟರಿ, ಒಂದು ವೇನ್ ಜೊತೆಗೆ ತಂದು, ಕುತ್ತಿಗೆಯ ರಕ್ತನಾಳಗಳಿಗೆ ಮೈಕ್ರೋಸ್ಕೋಪ್ ಕೆಳಗೆ ಜೋಡಿಸುತ್ತಾರೆ. ಆ ನಾಳಗಳು ಎರಡು ಮೂರು ಮಿಲಿಮೀಟರ್ ದಪ್ಪ ಇರುತ್ತವೆ ಅಷ್ಟೆ. ಹೊಲಿಯುವ ದಾರ ಕೂದಲಿಗಿಂತ ಸಣ್ಣದು. ಬೆಳಗ್ಗೆ ಒಳಗೆ ಹೋದವರು ರಾತ್ರಿ ಹೊರಗೆ ಬರುತ್ತಾರೆ.

ಆಮೇಲೆ ನಮ್ಮ ಕೆಲಸ ಶುರು. ಮೊದಲ ದಿನ ಗಂಟೆಗೊಂದು ಸಲ ಆ ಫ್ಲಾಪನ್ನು ನೋಡಬೇಕು. ನಂತರ ಎರಡು ಗಂಟೆಗೆ, ಆಮೇಲೆ ನಾಲ್ಕು ಗಂಟೆಗೆ. ತೊಂದರೆ ಆಗುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ದಿನದಲ್ಲೇ. ರಕ್ತ ತಂದುಕೊಡುವ ಆರ್ಟರಿಗಿಂತ, ರಕ್ತ ವಾಪಸ್ ಒಯ್ಯುವ ವೇನ್ ಕಟ್ಟಿಕೊಳ್ಳುವುದೇ ಜಾಸ್ತಿ. ಬೇಗ ಗೊತ್ತಾದರೆ ಮತ್ತೆ ಓಟಿಗೆ, ಅಂದರೆ ಆಪರೇಷನ್ ಥಿಯೇಟರಿಗೆ ಒಯ್ದು ಹೆಪ್ಪುಗಟ್ಟಿದ್ದನ್ನು ತೆಗೆದು ಉಳಿಸಿಕೊಳ್ಳಬಹುದು. ತಡವಾದಷ್ಟೂ ಉಳಿಯುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ.

ಒಂದು ರಾತ್ರಿಯದು ಹೇಳುತ್ತೇನೆ. ಕೊಪ್ಪಳ ಕಡೆಯ ರೈತರು, ಐವತ್ತರ ಆಸುಪಾಸಿನವರು. ಎಡಗೆನ್ನೆಯ ಒಳಭಾಗ ತೆಗೆದು ಮುಂಗೈ ಚರ್ಮ ಹಾಕಿದ್ದರು. ಬಿಸಿಲಲ್ಲಿ ದುಡಿದು ಕಪ್ಪಾದ ಕೈಯ ಚರ್ಮ ಅದು, ಮೇಲೆ ರೋಮ ಬೇರೆ. ಬಾಯಿ ತೆರೆಯುವುದು ಅವರಿಗೆ ಮೊದಲಿನಿಂದಲೂ ಕಷ್ಟ, ಈಗ ಊತ ಬೇರೆ ಬಂದಿತ್ತು. ಒಂದು ಕೈಯಲ್ಲಿ ತುಟಿಯ ಮೂಲೆ ಸರಿಸಿ, ಇನ್ನೊಂದು ಕೈಯಲ್ಲಿ ಟಾರ್ಚ್ ಹಿಡಿದು, ಎಂಜಲನ್ನು ಸಕ್ಷನ್ ಪೈಪಿನಿಂದ ಹೀರಿ ತೆಗೆದು, ಆಮೇಲೆ ನೋಡಬೇಕು. ಟಾರ್ಚಿನ ಬೆಳಕು ಬಿಳಿಯದೇ ಆಗಿರಬೇಕು, ಹಳದಿ ಬೆಳಕಿನಲ್ಲಿ ಎಲ್ಲ ಚರ್ಮವೂ ಆರೋಗ್ಯವಾಗಿಯೇ ಕಾಣುತ್ತದೆ. ಹನ್ನೆರಡಕ್ಕೆ ಸರಿ ಇತ್ತು. ಒಂದಕ್ಕೂ ಸರಿ ಇತ್ತು. ಎರಡಕ್ಕೆ ನೋಡಿದಾಗ ಬಣ್ಣ ಬದಲಾಗಿದೆ ಅಂತ ಹೇಳುವಂತಿರಲಿಲ್ಲ. ಆದರೆ ಗ್ಲೌಸ್ ಹಾಕಿದ ಬೆರಳಿಗೆ ಸ್ವಲ್ಪ ಬಿಗಿ ತಾಗಿತು. ಒತ್ತಿ ಬಿಟ್ಟರೆ ರಕ್ತ ವಾಪಸ್ ತುಂಬುವುದು ಒಂದು ಗಂಟೆಯ ಹಿಂದಿಗಿಂತ ಬೇಗ. ಹೊಸಬರಿಗೆ ಇದು ಒಳ್ಳೆಯ ಲಕ್ಷಣ ಅನ್ನಿಸುತ್ತದೆ. ಒಳ್ಳೆಯದಲ್ಲ. ಹೊರಗೆ ಹೋಗಲು ದಾರಿ ಇಲ್ಲದೆ ರಕ್ತ ಅಲ್ಲೇ ನಿಂತಿದೆ ಅನ್ನುವುದರ ಗುರುತು ಅದು. ಹೊಲಿಗೆಯ ಅಂಚಿನಲ್ಲಿ ಕಪ್ಪಗಿನ ರಕ್ತ ಜಿನುಗುತ್ತಿತ್ತು.

ಮಾನಿಟರ್ ಕಡೆ ತಿರುಗಿದೆ. ಬಿಪಿ ಸರಿ, ಪಲ್ಸ್ ಸರಿ, ಆಕ್ಸಿಜನ್ ಸರಿ. ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಇಟ್ಟರೆ ಆರ್ಟರಿಯ ಸದ್ದೂ ಕೇಳುತ್ತಿತ್ತು. ಡ್ಯೂಟಿ ಡಾಕ್ಟರನ್ನು ಕರೆದೆ. ಅವರು ಸಣ್ಣ ಸೂಜಿಯಿಂದ ಫ್ಲಾಪ್ ಚುಚ್ಚಿದರು. ಕೆಂಪು ರಕ್ತ ಒಂದೆರಡು ಹನಿ ನಿಧಾನವಾಗಿ ಬರಬೇಕಿತ್ತು. ಕಪ್ಪು ರಕ್ತ ಸರಕ್ಕನೆ ಬಂತು. ಪ್ಲಾಸ್ಟಿಕ್ ಸರ್ಜನ್ ಮನೆಯಿಂದ ಹೊರಟು ಬರುವಷ್ಟರಲ್ಲಿ ಓಟಿ ರೆಡಿ ಮಾಡಿದ್ದೆವು. ಮಗ ಹೊರಗೆ ಚಾಪೆ ಹಾಸಿ ಮಲಗಿದ್ದ, ಅವನನ್ನು ಎಬ್ಬಿಸಿ ಸಹಿ ಹಾಕಿಸಿಕೊಂಡೆವು. "ಮತ್ತ ಕೊಯ್ತೀರೇನ್ರೀ?" ಅಂತ ಕೇಳಿದ. ಅವನ ಕೈ ನಡುಗುತ್ತಿತ್ತು. ಕುತ್ತಿಗೆ ಬಿಚ್ಚಿ ನೋಡಿದಾಗ ವೇನ್‌ನಲ್ಲಿ ಹೆಪ್ಪು ಸಿಕ್ಕಿತು. ತೆಗೆದು ಮತ್ತೆ ಜೋಡಿಸಿದರು. ಬೆಳಗಿನ ಶಿಫ್ಟಿನವರು ಬರುವಷ್ಟರಲ್ಲಿ ರೋಗಿ ವಾಪಸ್ ಬೆಡ್ಡಿಗೆ ಬಂದಿದ್ದರು, ಫ್ಲಾಪ್ ಮೆತ್ತಗಾಗಿತ್ತು.

ಆ ರಾತ್ರಿ ಯಾವ ಅಲಾರಂ ಕೂಡ ಹೊಡೆಯಲಿಲ್ಲ. ಬೆಳಗಿನ ರೌಂಡ್ಸ್‌ವರೆಗೆ ಯಾರೂ ಬಾಯಿ ತೆರೆಸಿ ನೋಡದೇ ಇದ್ದಿದ್ದರೂ ಅದು ಹೊಡೆಯುತ್ತಿರಲಿಲ್ಲ. ಫ್ಲಾಪ್ ಸತ್ತರೆ ಒಂದು ತುಂಡು ಚರ್ಮ ಹೋಯಿತು ಅಷ್ಟೇ ಅಂದುಕೊಳ್ಳಬೇಡಿ. ಹೊಲಿಗೆ ಬಿಟ್ಟುಕೊಂಡು ಎಂಜಲು ಕುತ್ತಿಗೆಗೆ ಇಳಿಯುತ್ತದೆ. ಅಲ್ಲಿ ಕೀವಾಗುತ್ತದೆ. ಅಲ್ಲೇ ಪಕ್ಕದಲ್ಲಿ ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ನಾಳ ಇದೆ. ಮೊದಲೇ ರೇಡಿಯೇಷನ್ ಆದವರಲ್ಲಿ ಆ ನಾಳದ ಗೋಡೆ ಸೋತಿರುತ್ತದೆ, ಒಡೆಯಲೂಬಹುದು. ಅದಕ್ಕೆ ಮುಂಚೆ ಕೆಲವೊಮ್ಮೆ ಸ್ವಲ್ಪ ರಕ್ತ ಕಾಣಿಸಿ ನಿಂತುಹೋಗುತ್ತದೆ. "ನಿಂತಿತಲ್ಲ, ಬಿಡಿ" ಅನ್ನುವಂತಿಲ್ಲ. ಇಂಥವರ ಡ್ರೆಸ್ಸಿಂಗ್ ಮೇಲೆ ಹೊಸ ರಕ್ತದ ಕಲೆ ಕಂಡರೆ ನಾವು ತಕ್ಷಣ ಸರ್ಜನ್‌ಗೆ ಫೋನ್ ಮಾಡುತ್ತೇವೆ.

ಇನ್ನೊಂದು ಮಾತು ಸೇರಿಸಬೇಕು. ನಾವು ಓದಿದ ಪುಸ್ತಕಗಳಲ್ಲಿ ಫ್ಲಾಪ್ ಫೋಟೋಗಳು ಬಿಳಿ ಚರ್ಮದವು. ಗುಲಾಬಿ ಬಣ್ಣ ಇದ್ದರೆ ಸರಿ, ನೀಲಿ ಆದರೆ ವೇನ್, ಬಿಳುಚಿದರೆ ಆರ್ಟರಿ ಅಂತ ಬರೆದಿರುತ್ತದೆ. ಬಯಲುಸೀಮೆಯ ರೈತರ ಮುಂಗೈ ಚರ್ಮದಲ್ಲಿ ಗುಲಾಬಿ ಎಲ್ಲಿ ಹುಡುಕುವುದು? ಇಲ್ಲಿ ಬಣ್ಣಕ್ಕಿಂತ ಬೆರಳು ಹೆಚ್ಚು ಹೇಳುತ್ತದೆ. ಬಿಗಿ ಎಷ್ಟು, ಬಿಸಿ ಎಷ್ಟು, ಒಂದು ಗಂಟೆ ಹಿಂದೆ ಹೇಗಿತ್ತು. ಈ "ಹಿಂದೆ ಹೇಗಿತ್ತು" ಅನ್ನುವುದು ಬಹಳ ಮುಖ್ಯ. ಅದಕ್ಕೇ ನಾವು ಶಿಫ್ಟ್ ಬದಲಾಗುವಾಗ ಹೋಗುವವರು, ಬರುವವರು ಇಬ್ಬರೂ ಒಟ್ಟಿಗೆ ನಿಂತು ಒಂದೇ ಟಾರ್ಚಿನಲ್ಲಿ ನೋಡುತ್ತೇವೆ. ಚಾರ್ಟಿನಲ್ಲಿ "ಫ್ಲಾಪ್ ಹೆಲ್ದಿ" ಅಂತ ಬರೆದದ್ದನ್ನು ಓದಿ ಹ್ಯಾಂಡೋವರ್ ತಗೊಂಡರೆ ಏನೂ ಗೊತ್ತಾಗುವುದಿಲ್ಲ.

ಸಣ್ಣ ಸಣ್ಣ ವಿಷಯಗಳೂ ಇವೆ. ಕುತ್ತಿಗೆ ಸುತ್ತ ಕಟ್ಟುವ ಪಟ್ಟಿ ಬಿಗಿಯಾದರೆ ಒಳಗೆ ಜೋಡಿಸಿದ ವೇನ್ ಒತ್ತಿಹೋಗುತ್ತದೆ. ತಲೆ ಒಂದೇ ಕಡೆ ವಾಲಿದರೂ ಹಾಗೇ. ಮೈ ತಣ್ಣಗಾದರೆ ನಾಳಗಳು ಕುಗ್ಗುತ್ತವೆ, ಹಾಗಾಗಿ ಎಸಿ ಕಡಿಮೆ ಮಾಡಿ ಕಂಬಳಿ ಹೊದಿಸುತ್ತೇವೆ. ಸಲೈನ್ ಕಡಿಮೆಯಾದರೆ ಬಿಪಿ ಇಳಿಯುತ್ತದೆ, ಜಾಸ್ತಿಯಾದರೆ ಫ್ಲಾಪ್ ಊದಿಕೊಳ್ಳುತ್ತದೆ. ಭೇಟಿಗೆ ಬಂದ ಹೆಂಡತಿ ಪ್ರೀತಿಯಿಂದ ತಲೆಯ ಕೆಳಗೆ ಇನ್ನೊಂದು ದಿಂಬು ಇಡುತ್ತಾರೆ. ಅದನ್ನು ಮೆಲ್ಲಗೆ ತೆಗೆದು, ಯಾಕೆ ಅಂತ ಅವರಿಗೆ ಬೇಜಾರಾಗದ ಹಾಗೆ ಹೇಳಬೇಕು.

ಗಂಟಲಿನ ಪೈಪು

ಅಡಿಕೆ, ಗುಟ್ಕಾ ವರ್ಷಗಟ್ಟಲೆ ಹಾಕಿಕೊಂಡವರ ಕೆನ್ನೆಯ ಒಳಪದರ ಗಟ್ಟಿಯಾಗಿ, ಬಾಯಿ ಒಂದು ಬೆರಳು ತೂರುವಷ್ಟೂ ತೆರೆಯುವುದಿಲ್ಲ. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಇದು ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಡಿಕೆ ತೋಟದಿಂದಲೇ ಮಕ್ಕಳನ್ನು ಓದಿಸಿದ ಮನೆಗಳು ನಮ್ಮ ರಾಜ್ಯದಲ್ಲಿ ಎಷ್ಟಿವೆ ಅಂತ ನನಗೂ ಗೊತ್ತು. ಹೇಳುವುದಕ್ಕೆ ಸಂಕಟ ಆಗುತ್ತದೆ, ಆದರೆ ಬೆಡ್ ಪಕ್ಕ ನಿಂತು ನೋಡಿದ್ದನ್ನು ಹೇಳದೆ ಇರಲಾರೆ.

ಬಾಯಿ ತೆರೆಯದಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲ ಕಷ್ಟ. ಎಚ್ಚರ ಇರುವಾಗಲೇ ಮೂಗಿನ ಮೂಲಕ ಸಣ್ಣ ಕ್ಯಾಮೆರಾದ ಸಹಾಯದಿಂದ ಶ್ವಾಸನಾಳಕ್ಕೆ ಟ್ಯೂಬ್ ಇಳಿಸುತ್ತಾರೆ. ಆಪರೇಷನ್ ಆದಮೇಲಿನ ಕಷ್ಟ ಇನ್ನೂ ದೊಡ್ಡದು. ನಾಲಿಗೆ ಊದಿರುತ್ತದೆ, ಬಾಯಿ ತುಂಬ ಹೊಲಿಗೆ, ಒಳಗೆ ಫ್ಲಾಪ್. ಉಸಿರಿನ ದಾರಿ ಮುಚ್ಚಿಹೋಗಬಹುದು ಅಂತಲೇ ಕೆಲವರಿಗೆ ಆ ಮೂಗಿನ ಟ್ಯೂಬನ್ನು ರಾತ್ರಿಯಿಡೀ ಬಿಡುತ್ತಾರೆ, ಕೆಲವರಿಗೆ ಟ್ರೇಕಿಯಾಸ್ಟಮಿ ಮಾಡುತ್ತಾರೆ, ಅಂದರೆ ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೇ ಟ್ಯೂಬ್ ಹಾಕುತ್ತಾರೆ. ಬೇರೆ ಐಸಿಯುನಲ್ಲಿ ಟ್ಯೂಬ್ ಹೊರಗೆ ಬಂದುಬಿಟ್ಟರೆ ಬಾಯಿಂದ ಇನ್ನೊಂದು ಹಾಕಬಹುದು. ನಮ್ಮ ರೋಗಿಗೆ ಆ ದಾರಿ ಮುಚ್ಚಿದೆ. ಬ್ರಿಟನ್ನಿನ ಅರಿವಳಿಕೆ ವೈದ್ಯರು ಉಸಿರಿನ ದಾರಿಯ ಅವಘಡಗಳನ್ನೆಲ್ಲ ಒಟ್ಟುಗೂಡಿಸಿ 2011ರಲ್ಲಿ ಒಂದು ದೊಡ್ಡ ವರದಿ ತಂದರು. ಅದರಲ್ಲಿ ದಾಖಲಾದ ಗಂಭೀರ ಘಟನೆಗಳಲ್ಲಿ ನಾಲ್ಕರಲ್ಲೊಂದು ಐಸಿಯು ಅಥವಾ ತುರ್ತು ಚಿಕಿತ್ಸೆಯ ವಿಭಾಗದ್ದು. ಟ್ರೇಕಿಯಾಸ್ಟಮಿ ಟ್ಯೂಬ್ ಜಾಗ ತಪ್ಪಿದ್ದು ಐಸಿಯು ಘಟನೆಗಳಲ್ಲಿ ಮುಖ್ಯ ಕಾರಣವಾಗಿತ್ತು. ಅದಕ್ಕೇ ಬೆಡ್ ಪಕ್ಕದಲ್ಲಿ ಅದೇ ಸೈಜಿನ ಒಂದು ಟ್ಯೂಬ್, ಒಂದು ಸೈಜ್ ಚಿಕ್ಕದು ಇನ್ನೊಂದು, ಸಕ್ಷನ್, ಟಾರ್ಚ್ ಯಾವಾಗಲೂ ಇರಬೇಕು. ಸ್ಟೋರಿನಲ್ಲಿ ಇದೆ ಅನ್ನುವುದು ಪ್ರಯೋಜನಕ್ಕೆ ಬರುವುದಿಲ್ಲ.

ಧ್ವನಿಪೆಟ್ಟಿಗೆಯನ್ನೇ ತೆಗೆದವರ ಕಥೆ ಬೇರೆ. ಅವರಿಗೆ ಮೂಗು ಬಾಯಿಗೂ ಶ್ವಾಸಕೋಶಕ್ಕೂ ಸಂಬಂಧವೇ ಇರುವುದಿಲ್ಲ, ಉಸಿರೆಲ್ಲ ಕುತ್ತಿಗೆಯ ರಂಧ್ರದಿಂದ. ಗಾಬರಿಯಲ್ಲಿ ಯಾರಾದರೂ ಓಡಿಬಂದು ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದರೆ ಏನೂ ಉಪಯೋಗವಿಲ್ಲ. ಬ್ರಿಟನ್ನಿನಲ್ಲಿ ಇದಕ್ಕಾಗಿಯೇ ಬೆಡ್ಡಿನ ತಲೆಗೆ ಬಣ್ಣದ ಬೋರ್ಡ್ ಹಾಕುವ ಪದ್ಧತಿ ಇದೆ. ಟ್ರೇಕಿಯಾಸ್ಟಮಿಗೆ ಹಸಿರು, ಧ್ವನಿಪೆಟ್ಟಿಗೆ ತೆಗೆದವರಿಗೆ ಕೆಂಪು. ಒಂದು ಹಾಳೆಯ ಖರ್ಚು ಅಷ್ಟೇ. ನಮ್ಮ ಪ್ರತಿ ಆಸ್ಪತ್ರೆಯಲ್ಲೂ ಇದು ಯಾಕಿಲ್ಲ ಅಂತ ಯೋಚಿಸಿದಾಗಲೆಲ್ಲ ಸಿಟ್ಟು ಬರುತ್ತದೆ.

ಮಂಡ್ಯ ಕಡೆಯ ಒಬ್ಬ ಅಜ್ಜಿ ಇದ್ದರು. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸ ಮದುವೆಯಾದಾಗಿನಿಂದ. ದವಡೆ ತೆಗೆದಿದ್ದರು, ಟ್ರೇಕಿಯಾಸ್ಟಮಿ ಇತ್ತು. ಮಾತು ಬರುವುದಿಲ್ಲ, ಅಕ್ಷರ ಗೊತ್ತಿಲ್ಲ. ಕಾಲ್ ಬೆಲ್ ಕೊಟ್ಟರೆ ಆ ಗುಂಡಿ ಒತ್ತಲು ಅವರಿಗೆ ಒಂಥರಾ ಅಂಜಿಕೆ. ಸೊಸೆ ಒಂದು ಸ್ಟೀಲ್ ಚಮಚ ಕೈಗೆ ಕೊಟ್ಟು, "ಅತ್ತೆ, ಏನಾದ್ರೂ ಬೇಕು ಅಂದ್ರೆ ಇದ್ರಲ್ಲಿ ಕಂಬಿಗೆ ಬಡೀರಿ" ಅಂತ ಹೇಳಿ ಹೋಗಿದ್ದರು. ಆ ದಿನ ಮಧ್ಯಾಹ್ನ ಚಮಚದ ಸದ್ದು ಬಂತು. ಹೋದೆ. ಅಜ್ಜಿ ಎದೆ ಮುಟ್ಟಿಕೊಂಡು, ತಲೆ ಅಲ್ಲಾಡಿಸಿ, ಕೈ ಮೇಲೆತ್ತಿದರು. ಆಕ್ಸಿಜನ್ 98. ಉಸಿರಿನ ಲೆಕ್ಕ ಸ್ವಲ್ಪ ಜಾಸ್ತಿ, ಅಷ್ಟೇ. ಪಕ್ಕದ ಬೆಡ್ಡಿನ ಕೆಲಸಕ್ಕೆ ಬಂದಿದ್ದ ಹೊಸ ಹುಡುಗ "ನೋವಿರಬೇಕು ಸಿಸ್ಟರ್" ಅಂದ. ಸಕ್ಷನ್ ಪೈಪ್ ಹಾಕಿದೆ, ಅರ್ಧದಲ್ಲೇ ನಿಂತಿತು. ಟ್ಯೂಬಿನ ಒಳಗಿನ ಟ್ಯೂಬ್ ಎಳೆದೆ. ಅದರ ತುದಿಯಲ್ಲಿ ಕಫ ಒಣಗಿ ಹೆಚ್ಚುಕಡಿಮೆ ಮುಚ್ಚಿಕೊಂಡಿತ್ತು. ಎಳೆದ ಕೂಡಲೇ ಉಸಿರು ದೊಡ್ಡದಾಗಿ ಓಡಾಡಿತು. ಅಜ್ಜಿ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ನಾವು ಮೂಗಿನಿಂದ ಉಸಿರಾಡುವಾಗ ಗಾಳಿ ಬಿಸಿಯಾಗಿ, ತೇವವಾಗಿ ಒಳಗೆ ಹೋಗುತ್ತದೆ. ಪೈಪಿನಿಂದ ಹೋಗುವ ಗಾಳಿ ಹಾಗೇ ಒಣದಾಗಿ ಹೋಗಿ ಕಫವನ್ನು ಗಟ್ಟಿ ಮಾಡುತ್ತದೆ. ಅದಕ್ಕೇ ನೆಬ್ಯುಲೈಸರ್, ತೇವ ಹಿಡಿಯುವ ಫಿಲ್ಟರ್, ಒಳಟ್ಯೂಬ್ ತೆಗೆದು ತೊಳೆಯುವುದು, ಹೊತ್ತಿಗೆ ಸರಿಯಾಗಿ ಸಕ್ಷನ್. ಆಕ್ಸಿಜನ್ ಕೊಡುತ್ತಿರುವಾಗ ಮಾನಿಟರಿನ ಸಂಖ್ಯೆ ಇಳಿಯುವುದು ತಡವಾಗಿ. ಮೊದಲು ಗೊತ್ತಾಗುವುದು ರೋಗಿಗೇ. ಆದರೆ ಇವರಿಗೆ ಕಿರುಚಿ ಹೇಳಲು ಬಾಯಿ ಇಲ್ಲ. ಚಮಚದ ಸದ್ದು ಕೇಳುವಷ್ಟು ಹತ್ತಿರದಲ್ಲಿ ಒಬ್ಬರು ಇರಬೇಕು, ಕೇಳಿದಮೇಲೆ "ನೋವಿರಬೇಕು" ಅಂತ ಅಂದುಕೊಂಡು ಸುಮ್ಮನಾಗಬಾರದು.

1952ರ ಕೋಪನ್‌ಹೇಗನ್

ಐಸಿಯು ಹುಟ್ಟಿದ್ದು ಮಷೀನಿನಿಂದ ಅಂತ ತುಂಬ ಜನ ತಿಳಿದಿದ್ದಾರೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತು. ಉಸಿರಾಟದ ಸ್ನಾಯುಗಳೇ ಸೋತು ಮಕ್ಕಳು ಬ್ಲೆಗ್ಡಮ್ ಆಸ್ಪತ್ರೆಗೆ ಬರುತ್ತಿದ್ದರು. ಮೊದಲ ಮೂರು ವಾರದಲ್ಲಿ ಬಂದ ಇಂಥ 31 ರೋಗಿಗಳಲ್ಲಿ 27 ಜನ ತೀರಿಕೊಂಡರು. ಬಿಯೋರ್ನ್ ಇಬ್ಸೆನ್ ಅನ್ನುವ ಅರಿವಳಿಕೆ ವೈದ್ಯರು ಒಬ್ಬ ಹನ್ನೆರಡು ವರ್ಷದ ಹುಡುಗಿಗೆ ಟ್ರೇಕಿಯಾಸ್ಟಮಿ ಮಾಡಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟರು. ಅವಳು ಬದುಕಿದಳು. ಎಲ್ಲರಿಗೂ ಸಾಕಾಗುವಷ್ಟು ಮಷೀನ್ ಇರಲಿಲ್ಲ. ಹಾಗಾಗಿ ಮೆಡಿಕಲ್ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಹಾಸಿಗೆ ಪಕ್ಕ ಕೂತು, ವಾರಗಟ್ಟಲೆ ಹಗಲು ರಾತ್ರಿ ಆ ಚೀಲ ಒತ್ತಿದರು. ಮರುವರ್ಷ ಇಬ್ಸೆನ್ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಶುರು ಮಾಡಿದ ವಾರ್ಡನ್ನು ಮೊದಲ ಐಸಿಯುಗಳಲ್ಲಿ ಒಂದು ಅಂತ ಲೆಕ್ಕಕ್ಕೆ ತಗೊಳ್ಳುತ್ತಾರೆ. ಗಂಟಲಿನಲ್ಲಿ ಒಂದು ಪೈಪು, ಪಕ್ಕದಲ್ಲಿ ಎದ್ದು ಕೂತ ಒಬ್ಬ ಮನುಷ್ಯ, ಇಷ್ಟರಿಂದ ಶುರುವಾಗಿದ್ದು ಅದು. ಇವತ್ತಿಗೂ ನಮ್ಮ ರೋಗಿಗೆ ಬೇಕಿರುವುದು ಬಹುಪಾಲು ಅದೇ.

ಮೂರನೇ ರಾತ್ರಿ

ಮೊದಲೆರಡು ರಾತ್ರಿ ಶಾಂತವಾಗಿದ್ದವರು ಮೂರನೇ ರಾತ್ರಿ ಬೇರೆಯೇ ಮನುಷ್ಯರಾಗಿಬಿಡುವುದನ್ನು ನಾವು ಬಹಳ ನೋಡಿದ್ದೇವೆ. ಕೈ ನಡುಗುತ್ತದೆ, ಬೆವರುತ್ತಾರೆ, ಗೋಡೆಯ ಮೇಲೆ ಏನೋ ಹರಿಯುತ್ತಿದೆ ಅಂತ ತೋರಿಸುತ್ತಾರೆ, ಎದ್ದು ಓಡಲು ನೋಡುತ್ತಾರೆ. ಗಂಟಲಿನ ಟ್ಯೂಬಿಗೇ ಕೈ ಹಾಕುತ್ತಾರೆ. ಇದು ಕುಡಿತ ಒಮ್ಮೆಲೇ ನಿಂತಾಗ ಆಗುವ ಸ್ಥಿತಿ. ಕೊನೆಯ ಸಲ ಕುಡಿದ ಎರಡು ಮೂರು ದಿನಕ್ಕೆ ಜೋರಾಗುತ್ತದೆ. ಹೊಸದಾಗಿ ಜೋಡಿಸಿದ ರಕ್ತನಾಳ, ಹೊಸ ಟ್ರೇಕಿಯಾಸ್ಟಮಿ ಇರುವವರಿಗೆ ಇದಕ್ಕಿಂತ ಅಪಾಯದ ಗಳಿಗೆ ಇನ್ನೊಂದಿಲ್ಲ.

ಮೊದಲೇ ಗೊತ್ತಿದ್ದರೆ ಔಷಧಿ ಶುರು ಮಾಡಬಹುದು, ವಿಟಮಿನ್ ಬಿ1 ಕೊಡಬಹುದು. ಆದರೆ ಅಡ್ಮಿಷನ್ ದಿನ ಕೇಳಿದಾಗ ಹೆಂಡತಿ "ಹಬ್ಬ ಹುಣ್ಣಿಮೆಗೆ ಒಂಚೂರು ಅಷ್ಟೇ ಮೇಡಂ" ಅಂದಿರುತ್ತಾರೆ. ಆಪರೇಷನ್ ಮಾಡಲ್ಲ ಅಂದುಬಿಟ್ಟರೆ, ಕಾರ್ಡ್ ನಡೆಯಲ್ಲ ಅಂದುಬಿಟ್ಟರೆ ಅನ್ನುವ ಭಯ. ಮಗಳ ಮುಂದೆ, ಬೀಗರ ಮುಂದೆ ಹೇಳಲು ನಾಚಿಕೆ. ಆ ಭಯ ನನಗೆ ಅರ್ಥವಾಗುತ್ತದೆ. ಹಾಗಾಗಿ ನಾನು ಈಗ ಎಲ್ಲರೆದುರು ಕೇಳುವುದಿಲ್ಲ. ಹೆಂಡತಿಯನ್ನೋ ತಮ್ಮನನ್ನೋ ಪಕ್ಕಕ್ಕೆ ಕರೆದು, "ಇದನ್ನ ನಾನು ಬೈಯೋಕೆ ಕೇಳ್ತಿಲ್ಲಮ್ಮ, ಮೂರನೇ ದಿನ ಅವರು ಪೈಪ್ ಕಿತ್ಕೊಂಡ್ರೆ ಕಷ್ಟ, ಅದಕ್ಕೆ ಕೇಳ್ತಿದೀನಿ" ಅಂತೀನಿ. ಆಗ ನಿಜ ಹೊರಗೆ ಬರುತ್ತದೆ. ದಿನಕ್ಕೆ ಎಷ್ಟು, ಯಾವುದು, ಕೊನೆಯ ಸಲ ಯಾವಾಗ, ಎಲ್ಲ ಹೇಳುತ್ತಾರೆ.

ಗುಟ್ಕಾ ವಿಷಯವೂ ಹೀಗೇ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯಿತು. ಅಂಗಡಿಯಲ್ಲಿ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಕೂಡಿಸಿಕೊಳ್ಳುವುದು ಗಿರಾಕಿಯ ಕೈಯಲ್ಲಿ. ವಾರ್ಡಿಗೆ ಹೋದಮೇಲೆ ದಿಂಬಿನ ಕೆಳಗೆ ಪ್ಯಾಕೆಟ್ ಸಿಕ್ಕಿದ್ದಿದೆ. ನಿಕೋಟಿನ್ ರಕ್ತನಾಳವನ್ನು ಕುಗ್ಗಿಸುತ್ತದೆ. ಬೀಡಿ ಸೇದಿದರೂ ಅಷ್ಟೇ.

ಊಟದ ವಿಷಯದಲ್ಲಿ ಮನೆಯವರಿಗೂ ನಮಗೂ ಸ್ವಲ್ಪ ಜಟಾಪಟಿ ನಡೆಯುತ್ತದೆ. ತಿಂಗಳುಗಟ್ಟಲೆ ನುಂಗಲಾಗದೆ ಗಂಜಿ ನೀರಲ್ಲೇ ಇದ್ದವರು ಇವರು, ಮೂಳೆ ಚಕ್ಕಳ ಆಗಿರುತ್ತಾರೆ. ಮೂಗಿನ ಪೈಪಿನಲ್ಲಿ ಒಂದು ಸಲಕ್ಕೆ ಸ್ವಲ್ಪವೇ ಫೀಡ್ ಕೊಟ್ಟರೆ "ಇಷ್ಟೇನಾ ಕೊಡೋದು, ಹಸಿವು ತಡ್ಕೊಳ್ತಾರಾ?" ಅಂತ ಸಂಕಟಪಡುತ್ತಾರೆ. ಬಹಳ ದಿನ ಉಪವಾಸ ಇದ್ದ ದೇಹಕ್ಕೆ ಒಮ್ಮೆಲೇ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದು ಹೃದಯದ ಬಡಿತ ಹದಗೆಡಬಹುದು. ಅದಕ್ಕೇ ರಕ್ತ ಪರೀಕ್ಷೆ ನೋಡಿಕೊಂಡು ದಿನದಿನಕ್ಕೆ ಏರಿಸುತ್ತೇವೆ. ಫೀಡ್ ಶುರುವಾದಮೇಲೆ ಕುತ್ತಿಗೆಯ ಗಾಯದ ನೀರು ಬಂದು ಬೀಳುವ ಡ್ರೇನ್ ಬಾಟಲಿಯನ್ನೂ ನೋಡುತ್ತಿರಬೇಕು. ಕೆಂಪು ನೀರಿನಂತಿದ್ದದ್ದು ಹಾಲಿನ ಬಣ್ಣಕ್ಕೆ ತಿರುಗಿದರೆ, ಕೊಬ್ಬಿನಂಶ ಸಾಗಿಸುವ ನಾಳಕ್ಕೆ ಕುತ್ತಿಗೆಯ ಬುಡದಲ್ಲಿ ಪೆಟ್ಟಾಗಿದೆ ಅಂತ ಅರ್ಥ. ಹೆಚ್ಚಾಗಿ ಎಡಗಡೆ ಆಗುತ್ತದೆ. ಇದನ್ನೂ ಯಾವ ಮಾನಿಟರೂ ಹೇಳುವುದಿಲ್ಲ.

ರಾತ್ರಿ ಯಾರಿರುತ್ತಾರೆ?

ಬಾಯಿ ಆಪರೇಷನ್ ಆದವರಿಗೆಲ್ಲ ಐಸಿಯು ಬೇಕು ಅಂತ ನಾನು ಹೇಳುತ್ತಿಲ್ಲ. ನಾಲಿಗೆಯ ಅಂಚಿನಲ್ಲಿ ಸಣ್ಣ ಗಡ್ಡೆ ತೆಗೆದು ಹಾಗೇ ಹೊಲಿದವರು ಸೀದಾ ವಾರ್ಡಿಗೇ ಹೋಗಬಹುದು. ಎದೆಯ ಸ್ನಾಯುವನ್ನು ಅದರ ಬುಡ ಕತ್ತರಿಸದೆ ಮೇಲಕ್ಕೆ ತಿರುಗಿಸಿ ಹಾಕಿದವರಿಗೆ ಗಂಟೆಗಂಟೆಗೂ ಟಾರ್ಚ್ ಹಿಡಿಯುವಷ್ಟು ಆತಂಕ ಇರುವುದಿಲ್ಲ. ಇಂಥ ಆಪರೇಷನ್ ದಿನವೂ ಮಾಡುವ ಕೆಲವು ಆಸ್ಪತ್ರೆಗಳಲ್ಲಿ ಫ್ಲಾಪ್ ಆದವರನ್ನೂ ಐಸಿಯುಗೆ ಕಳಿಸದೆ, ತರಬೇತಿ ಇರುವ ನರ್ಸುಗಳ ವಿಶೇಷ ವಾರ್ಡಿನಲ್ಲೇ ಇಟ್ಟುಕೊಳ್ಳುತ್ತಾರೆ. ಅದು ಚೆನ್ನಾಗಿಯೇ ನಡೆಯುತ್ತದೆ, ಖರ್ಚೂ ಕಡಿಮೆ. ನನಗೂ ಅದೇ ಸರಿ ಅನ್ನಿಸುತ್ತದೆ. ಬಾಗಿಲ ಮೇಲೆ ಐಸಿಯು ಅಂತ ಬರೆದಿದೆಯೋ ವಾರ್ಡ್ ಅಂತ ಬರೆದಿದೆಯೋ ಮುಖ್ಯವಲ್ಲ. ರಾತ್ರಿ ಎರಡು ಗಂಟೆಗೆ ಫ್ಲಾಪ್ ನೋಡಲು ಬರುವ ಒಬ್ಬರು, ಅವರು ಕರೆದರೆ ಓಡಿಬರುವ ಡಾಕ್ಟರ್, ತೆರೆಯಲು ಒಂದು ಓಟಿ. ಈ ಮೂರೂ ಇಲ್ಲದೆ ವೆಂಟಿಲೇಟರ್ ಸಾಲಾಗಿ ನಿಲ್ಲಿಸಿದರೂ ಏನು ಬಂತು?

ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಅನ್ನುವ ಮಾನದಂಡ ಕಾಗದದ ಮೇಲೆ ಇದೆ. ಹೊಸ ಕಟ್ಟಡ ಉದ್ಘಾಟನೆಯಾದಾಗ ಎಷ್ಟು ಐಸಿಯು ಬೆಡ್ ಅಂತ ಪೇಪರಿನಲ್ಲಿ ಬರುತ್ತದೆ, ರಾತ್ರಿ ಪಾಳಿಗೆ ಎಷ್ಟು ನರ್ಸ್ ಅಂತ ಯಾರೂ ಕೇಳುವುದಿಲ್ಲ. ಗುತ್ತಿಗೆ ಮೇಲೆ ಬಂದ ಹುಡುಗಿ ಫ್ಲಾಪ್ ನೋಡುವುದನ್ನು ಕಲಿಯುವಷ್ಟರಲ್ಲಿ ಸಂಬಳ ಸಾಲದೆ ಬೇರೆ ಕಡೆಗೋ ವಿದೇಶಕ್ಕೋ ಹೋಗಿರುತ್ತಾಳೆ. ಮತ್ತೆ ಹೊಸಬರು, ಮತ್ತೆ ಮೊದಲಿನಿಂದ. "ಲೈಟ್ ಕೇಸ್" ಅನ್ನುವ ಲೆಕ್ಕವನ್ನು ಮೊದಲು ತೆಗೆಯಬೇಕು. ಬಾಯಿ ಫ್ಲಾಪ್ ಆದವರಿಗೆ ಮೊದಲ ಮೂರು ರಾತ್ರಿಯಾದರೂ ಹತ್ತಿರದಲ್ಲೇ ಇರುವ, ಅದೇ ಕೆಲಸ ಗೊತ್ತಿರುವ ನರ್ಸ್ ಬೇಕು. ನಾನು ಕೇಳುವುದು ಇಷ್ಟೇ.

ನಿಮ್ಮ ಮನೆಯವರಿಗೆ ಇಂಥ ಆಪರೇಷನ್ ನಿಗದಿಯಾಗಿದ್ದರೆ ಕೆಲವು ವಿಷಯ ಮೊದಲೇ ಮಾಡಿಕೊಳ್ಳಿ. ರಾತ್ರಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಅಂತ ಸರ್ಜನ್ ಹತ್ತಿರ ಕೇಳಿ, ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕುಡಿತ, ಬೀಡಿ, ತಂಬಾಕು, ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಆಪರೇಷನ್‌ಗೆ ಮುಂಚಿನ ದಿನ ರೋಗಿಯ ಜೊತೆ ಕೂತು ಸನ್ನೆಗಳನ್ನು ಗೊತ್ತು ಮಾಡಿಕೊಳ್ಳಿ: ನೋವಿಗೆ ಯಾವುದು, ಕಫ ಕಟ್ಟಿದರೆ ಯಾವುದು, ಉಸಿರು ಸಾಲದಿದ್ದರೆ ಯಾವುದು. ಬರೆಯಲು ಬರುವವರಾದರೆ ಒಂದು ಸ್ಲೇಟು ಕೊಡಿ. ಯಾವ ಕೈಯಲ್ಲಿ ಬರೆಯುತ್ತಾರೆ ಅಂತ ಡಾಕ್ಟರಿಗೆ ಹೇಳಿ, ಚರ್ಮವನ್ನು ಇನ್ನೊಂದು ಕೈಯಿಂದ ತೆಗೆಯುತ್ತಾರೆ. ಕನ್ನಡಕ, ಕಿವಿಯ ಮಷೀನ್ ಇದ್ದರೆ ಮನೆಯಲ್ಲಿ ಬಿಟ್ಟು ಬರಬೇಡಿ. ಆ ಸನ್ನೆಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ನಮ್ಮ ಕೈಗೆ ಕೊಡಿ, ಬೆಡ್ಡಿನ ತಲೆಗೆ ಅಂಟಿಸುತ್ತೇವೆ. ನಮ್ಮಲ್ಲಿ ಕೇರಳದ, ಈಶಾನ್ಯ ರಾಜ್ಯಗಳ ನರ್ಸುಗಳೂ ಇದ್ದಾರೆ, ಅವರಿಗೆ ನಾನು ಓದಿ ಹೇಳುತ್ತೇನೆ.